ಗರ್ಭಕೋಶ ಹೋದರೆ ಹೆಣ್ತನ ಹೋಗದು



ಕಳೆದ ವರ್ಷ ಕ್ಯಾನ್ಸರ್‌ನಿಂದಾಗಿ ನನ್ನ ಪತ್ನಿಯ ಗರ್ಭಕೋಶ, ಅಂಡಾಶಯಗಳನ್ನು ತೆಗೆದರು. ಇಂಜಿನಿಯರ್ ಬುದ್ಧಿ ನನ್ನದು. ವರದಿ, ಔಷಧಿ, ತಪಾಸಣೆಯ ದಿನ ಎಲ್ಲವನ್ನೂ ಬರೆದಿಟ್ಟೆ. ಅವಳ ಮನಸ್ಸನ್ನು ಮಾತ್ರ ಕೇಳಲಿಲ್ಲ. ಹಲಸೂರಿನ ನಂಟರ ಮನೆಯ ಸೀಮಂತದಲ್ಲಿ ಮಡಿಲು ತುಂಬಲು ಕರೆದಾಗ ಅವಳು ಹಿಂದೆ ಸರಿದಳು. "ನಾನೀಗ ಬರಿದು, ನನ್ನ ಕೈ ಬೇಡ" ಎಂದಳು. ಕೆ.ಆರ್.ಪುರಕ್ಕೆ ಮೆಟ್ರೋದಲ್ಲಿ ಮರಳುವಾಗ ನನಗೆ ಮಾತೇ ಹೊರಡಲಿಲ್ಲ.

ಮುಟ್ಟು ನಿಲ್ಲುವ ಮೊದಲೇ ಅಂಡಾಶಯ ತೆಗೆದರೆ ಈಸ್ಟ್ರೋಜನ್ ಒಮ್ಮೆಲೇ ಕುಸಿಯುತ್ತದೆ. ಮೈ ಬಿಸಿಯೇರುತ್ತದೆ, ನಿದ್ದೆ ಕೆಡುತ್ತದೆ, ಖಿನ್ನತೆ ಕಾಡಬಹುದು. ವಯಸ್ಸು ಯಾವುದೇ ಇರಲಿ, ರೋಗ ಮರುಕಳಿಸುವ ಭಯ, ದಾಂಪತ್ಯದ ಸಂಕೋಚ, ಹೆಣ್ತನ ಹೋಯಿತೆಂಬ ಕೊರಗು ಉಳಿಯುತ್ತವೆ.

ಬಸವಾದಿ ಶರಣರು ಪಂಚಸೂತಕಗಳನ್ನು ತಿರಸ್ಕರಿಸಿದರು. ಅದರಲ್ಲಿ ರಜಸ್ಸೂತಕವೂ ಒಂದು. ಮುಟ್ಟನ್ನೇ ಮೈಲಿಗೆ ಎನ್ನದ ಧರ್ಮದಲ್ಲಿ ಗರ್ಭಕೋಶವಿಲ್ಲದವಳು ಅಪೂರ್ಣಳಾಗುವುದು ಹೇಗೆ?

ಮಠಗಳ ಆರೋಗ್ಯ ಶಿಬಿರಗಳಲ್ಲಿ ಗಂಡಂದಿರನ್ನೂ ಕೂರಿಸಿ ಆಪ್ತಸಮಾಲೋಚನೆ ನಡೆಯಲಿ. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಹಾಗೆಯೇ, ನಿಮ್ಮ ಮನೆಯ ಮುಂದಿನ ಸೀಮಂತದಲ್ಲಿ ಮಡಿಲು ತುಂಬಲು ಇಂಥ ತಾಯಿಯನ್ನೇ ಮೊದಲು ಕರೆಯಿರಿ.