ರಸ್ತೆಗೆ ಕೋಟಿ, ಬಸ್ಸಿನ ನಕ್ಷೆಗೆ ಬಿಡಿಗಾಸಿಲ್ಲ

ಮಲೆನಾಡಿನ ರಸ್ತೆಗಳನ್ನು ಅಗಲಗೊಳಿಸಲು ಗುಡ್ಡ ಕಡಿಯುವ, ಸಾಲುಮರ ಉರುಳಿಸುವ ಯೋಜನೆಗಳಿಗೆ ನಕ್ಷೆಗಳ ಕೊರತೆಯಿಲ್ಲ. ಅದೇ ರಸ್ತೆಯಲ್ಲಿ ಬಸ್ಸು ಯಾವ ಊರುಗಳ ಮೂಲಕ, ದಿನಕ್ಕೆ ಎಷ್ಟು ಬಾರಿ ಸಾಗುತ್ತದೆಂದು ತೋರಿಸುವ ನಕ್ಷೆ ಮಾತ್ರ ತಾಲ್ಲೂಕು ಕೇಂದ್ರದ ನಿಲ್ದಾಣಗಳಲ್ಲಿಯೂ ಅಪರೂಪ. ಗೋಡೆಯ ಮೇಲೆ ವೇಳಾಪಟ್ಟಿಯಿದ್ದರೂ ಅದರಲ್ಲಿ ಕೊನೆಯ ಊರಿನ ಹೆಸರಿರುತ್ತದೆಯೇ ಹೊರತು ನಡುವಿನ ಹಳ್ಳಿಗಳಿರುವುದಿಲ್ಲ.

ಊರಿನವರಿಗೆಲ್ಲ ಗೊತ್ತಿರುವಾಗ ನಕ್ಷೆ ಯಾರಿಗೆ ಎಂಬುದು ಸಿದ್ಧ ಉತ್ತರ. ಊರಿನವರಿಗೆ ಗೊತ್ತಿರುವುದು ತಮ್ಮೂರಿನ ಬಸ್ಸು. ಪಕ್ಕದ ತಾಲ್ಲೂಕಿನ ಕಾಲೇಜಿಗೆ ಸೇರಿದ ವಿದ್ಯಾರ್ಥಿನಿಗೆ, ಎರಡು ಬಸ್ಸು ಬದಲಿಸಿ ಆಸ್ಪತ್ರೆ ತಲುಪಬೇಕಾದ ವೃದ್ಧರಿಗೆ ಆ ತಿಳಿವಳಿಕೆ ಸಾಲದು. ಮೊಬೈಲಿನಲ್ಲಿ ನೋಡಿಕೊಳ್ಳಲಿ ಎಂಬ ಇನ್ನೊಂದು ಉತ್ತರವಂತೂ ಸಿಗ್ನಲ್ಲಿಗಾಗಿ ಗುಡ್ಡ ಹತ್ತುವವರನ್ನು ಅಣಕಿಸುವ ಮಾತು.

ಇದರ ಪರಿಣಾಮ ಸಣ್ಣದಲ್ಲ. ಇರುವುದೇ ತಿಳಿಯದ ಬಸ್ಸನ್ನು ಯಾರೂ ಕಾಯುವುದಿಲ್ಲ. ಕಾಯುವವರಿಲ್ಲದ ಬಸ್ಸು ಖಾಲಿ ಓಡುತ್ತದೆ. ಖಾಲಿ ಓಡಿದ್ದು ನಷ್ಟದ ಮಾರ್ಗವೆನಿಸಿ ನಿಂತುಹೋಗುತ್ತದೆ. ಬಳಿಕ ಮನೆಮನೆಗೂ ಬೈಕು, ಕಾರು. ವಾಹನ ಹೆಚ್ಚಿತೆಂದು ಅಗಲೀಕರಣ. ಮತ್ತೆ ಕಾಡಿಗೆ ಕೊಡಲಿ.

ನಕ್ಷೆ ಬರೆಯುವ ವಿದ್ಯೆ ಹೊಸತೇನಲ್ಲ. 1931ರಲ್ಲಿ ಲಂಡನ್ನಿನ ಹ್ಯಾರಿ ಬೆಕ್ ಎಂಬ ಡ್ರಾಫ್ಟ್ಸ್‌ಮನ್ ಸುರಂಗ ರೈಲುಮಾರ್ಗಗಳನ್ನು ಅಡ್ಡ, ಉದ್ದ ಮತ್ತು 45 ಡಿಗ್ರಿಯ ಓರೆ ಗೆರೆಗಳಲ್ಲಷ್ಟೇ ಚಿತ್ರಿಸಿದರು. ಮೊದಲು ತಿರಸ್ಕೃತವಾದ ಆ ನಕ್ಷೆ 1933ರಲ್ಲಿ ಅಚ್ಚಾದೊಡನೆ ಜನಪ್ರಿಯವಾಯಿತು. ಎಲ್ಲಿ ಹತ್ತಬೇಕು, ಎಲ್ಲಿ ಬದಲಿಸಬೇಕು, ಎಲ್ಲಿ ಇಳಿಯಬೇಕು ಎಂಬುದಷ್ಟೇ ಪ್ರಯಾಣಿಕನಿಗೆ ಮುಖ್ಯವೆಂಬುದು ಅದರ ತಿರುಳು. ಆದರೆ ನ್ಯೂಯಾರ್ಕಿನಲ್ಲಿ 1972ರಲ್ಲಿ ಬಂದ ಇಂಥದೇ ನಕ್ಷೆ ನೆಲದ ಗುರುತುಗಳನ್ನು ತಪ್ಪಿಸುತ್ತದೆಂಬ ದೂರಿನಿಂದ 1979ರಲ್ಲಿ ಬದಲಾಯಿತು. 2025ರಲ್ಲಿ ಆ ನಗರ ಮತ್ತೆ ಅದೇ ಬಗೆಗೆ ಮರಳಿತು. ಸುರಂಗದ ರೈಲಿಗೆ ಅದು ಸಲ್ಲಬಹುದು. ಬಸ್ಸಿಳಿದು ಹಳ್ಳ ದಾಟಿ ನಡೆಯಬೇಕಾದ ಮಲೆನಾಡಿನಲ್ಲಿ ಗೆರೆ ನೇರವಾಗಿರಲಿ, ಆದರೆ ಹೊಳೆ, ಘಾಟಿ, ಹಿನ್ನೀರು ತಮ್ಮ ತಮ್ಮ ದಿಕ್ಕಿನಲ್ಲಿಯೇ ಇರಲಿ.

ಇಲ್ಲಿನ ನಕ್ಷೆಗೆ ಇಲ್ಲಿನದೇ ಅಗತ್ಯಗಳಿವೆ. ಗಂಟೆಗೊಂದು ಬಸ್ಸಿರುವ ಮಾರ್ಗಕ್ಕೆ ದಪ್ಪ ಗೆರೆ, ದಿನಕ್ಕೆರಡೇ ಬಾರಿ ಬರುವುದಕ್ಕೆ ತೆಳು ಗೆರೆ, ರಾತ್ರಿ ಊರಲ್ಲೇ ತಂಗುವ ಹಾಲ್ಟಿಂಗ್ ಬಸ್ಸಿಗೆ ಬೇರೆ ಗುರುತು. ಮಳೆಗಾಲದಲ್ಲಿ ಕುಸಿತದಿಂದ ಮುಚ್ಚುವ ಘಾಟಿಗೆ ಚುಕ್ಕೆಗೆರೆ. ಬಣ್ಣದ ಜೊತೆ ಸಂಖ್ಯೆಯೂ ಇರಬೇಕು. ಬಣ್ಣ ಗುರುತಿಸಲಾಗದವರೂ ಓದಬೇಕಷ್ಟೆ. ಜನ ಕರೆಯುವ ಹೆಸರೇ, ಅದು ಕೈಮರವಾಗಲಿ ಕ್ರಾಸ್ ಆಗಲಿ, ದೊಡ್ಡ ಕನ್ನಡ ಅಕ್ಷರದಲ್ಲಿರಲಿ. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯ ಉಚಿತ ಪ್ರಯಾಣ ಖಾಸಗಿ ಬಸ್ಸಿಗೆ ಅನ್ವಯಿಸದ ಕಾರಣ ಸರ್ಕಾರಿ, ಖಾಸಗಿ ಬಸ್ಸುಗಳ ಭೇದವೂ ಕಾಣಬೇಕು.

ನಿಗಮಗಳ ಗಡಿ ನಕ್ಷೆಯ ಗಡಿಯಾಗಕೂಡದು. ಸಾಗರ ಒಂದು ಸಾರಿಗೆ ನಿಗಮದ ವ್ಯಾಪ್ತಿಯಲ್ಲಿದ್ದರೆ ನೆರೆಯ ಸಿದ್ದಾಪುರ ಇನ್ನೊಂದರಲ್ಲಿದೆ. ಜೋಗದ ಆಸುಪಾಸಿನ ಹಳ್ಳಿಗರಿಗೆ ಎರಡೂ ಪೇಟೆಗಳು ಬೇಕು. 2025ರ ಜುಲೈ 14ರಂದು ಶರಾವತಿ ಹಿನ್ನೀರಿನ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದಾಗ ಸಿಗಂದೂರಿನ ಕಡೆಯ ಸಂಚಾರವೇ ಬದಲಾಯಿತು. ಲಾಂಚಿನ ಕಾಲದ ತಿಳಿವಳಿಕೆ ಒಂದೇ ದಿನದಲ್ಲಿ ಹಳತಾಯಿತು. ಎಲ್ಲರಿಗೂ ಗೊತ್ತು ಎನ್ನುವವರು ಇದಕ್ಕೇನು ಹೇಳುತ್ತಾರೆ?

ಸಾರ್ವಜನಿಕ ಸಂಸ್ಥೆಗಳು ತಮ್ಮ ಸೇವೆಯ ವಿವರಗಳನ್ನು ಕೇಳುವ ಮೊದಲೇ ಪ್ರಕಟಿಸಬೇಕೆಂಬುದು 2005ರ ಮಾಹಿತಿ ಹಕ್ಕು ಕಾಯಿದೆಯ 4ನೆಯ ಸೆಕ್ಷನ್ನಿನ ಆಶಯ. ಗ್ರಾಮಸಭೆಗಳು ಘಟಕ ವ್ಯವಸ್ಥಾಪಕರಿಂದ ಮಾರ್ಗಗಳ ಪಟ್ಟಿ ಕೇಳಲಿ. ವಿದ್ಯಾರ್ಥಿಗಳು ಬಸ್ಸೇರಿ ನಿಲುಗಡೆಗಳನ್ನು ಬರೆದುಕೊಂಡು ತಾಲ್ಲೂಕಿಗೊಂದು ನಕ್ಷೆ ರಚಿಸಲಿ. ಅದನ್ನು ಅಚ್ಚು ಹಾಕಿಸಿ ಪ್ರತಿ ನಿಲ್ದಾಣದಲ್ಲಿ ತೂಗುಹಾಕುವ ಹೊಣೆಯನ್ನು ನಿಗಮಗಳು ಹೊರಲಿ. ಆಗ ಒಂದು ಬಸ್ಸು ನಿಂತರೆ ಗೋಡೆಯ ಮೇಲೆ ಒಂದು ಗೆರೆ ಅಳಿಸಬೇಕಾಗುತ್ತದೆ. ಸದ್ದಿಲ್ಲದೆ ಬಸ್ಸು ನಿಲ್ಲಿಸುವುದು ಸುಲಭ. ಎಲ್ಲರ ಕಣ್ಣೆದುರು ಗೆರೆ ಅಳಿಸುವುದು ಅಷ್ಟು ಸುಲಭವಲ್ಲ.