ಬಚ್ಚಲ ಗೋಡೆಗೆ ಬಣ್ಣ

ಒಂದು ಮನೆಯ ಅಚ್ಚುಕಟ್ಟನ್ನು ತಿಳಿಯಬೇಕಾದರೆ ಹಜಾರದಲ್ಲಿ ಕುಳಿತರೆ ಸಾಲದು, ಕೈಕಾಲು ತೊಳೆಯುವ ನೆಪದಲ್ಲಿ ಬಚ್ಚಲಿಗೆ ಹೋಗಿ ಬರಬೇಕು ಎಂದು ಹಿಂದಿನ ತಲೆಮಾರಿನ ಗೃಹಿಣಿಯರು ಹೇಳುತ್ತಿದ್ದರು. ಆ ಮಾತಿನಲ್ಲಿ ಸ್ವಲ್ಪ ಕೊಂಕಿದ್ದರೂ ಬಹಳ ಸತ್ಯವಿದೆ. ಹಜಾರವು ಬಂದವರಿಗಾಗಿ ಸಿಂಗರಿಸಿಕೊಂಡಿರುತ್ತದೆ. ಬಚ್ಚಲಿಗೆ ಆ ಬಿನ್ನಾಣವಿಲ್ಲ. ಅದು ಮನೆಯವರ ದಿನಚರಿಯನ್ನೂ ಮನೆಯ ವಯಸ್ಸನ್ನೂ ಇದ್ದುದಿದ್ದಂತೆ ಹೇಳಿಬಿಡುತ್ತದೆ.

ನಮ್ಮ ಹಿರಿಯರ ಬಚ್ಚಲಿನಲ್ಲಿ ಬಣ್ಣದ ಪ್ರಶ್ನೆಯೇ ಇರಲಿಲ್ಲ. ಮೂಲೆಯಲ್ಲಿ ಒಲೆ, ಅದರ ಮೇಲೆ ತಾಮ್ರದ ಹಂಡೆ, ಕೆಳಗೆ ಕಲ್ಲುಚಪ್ಪಡಿ, ಗೂಡಿನಲ್ಲಿ ಸೀಗೆಪುಡಿಯ ಡಬ್ಬಿ. ಗೋಡೆಯ ಬಣ್ಣವನ್ನು ಹೊಗೆಯೇ ನಿರ್ಧರಿಸುತ್ತಿತ್ತು. ಮುಂದೆ ಸಿಮೆಂಟು ಬಂದಿತು, ಕೆಂಪು ಗಾರೆಯ ನೆಲ ಬಂದಿತು. ಆಮೇಲೆ ಬಿಳಿಯ ಮೆರುಗುಬಿಲ್ಲೆಗಳು ಬಂದುವು. ಮೊದಲು ಮೊಳಕಾಲೆತ್ತರಕ್ಕೆ ಅಂಜುತ್ತ ನಿಂತ ಈ ‘ಟೈಲು’ಗಳು ಕ್ರಮೇಣ ಸೊಂಟಕ್ಕೇರಿ, ಭುಜಕ್ಕೇರಿ, ಈಗ ಸೂರನ್ನೇ ಮುಟ್ಟಿವೆ. ಆದರೆ ಟೈಲು ಒಡೆಯದಿದ್ದರೂ ಹಳತಾಗುತ್ತದೆ. ಕೊಳವೆಬಾವಿಯ ಗಡಸುನೀರು ಅದರ ಮೇಲೆ ಬಿಳಿಯ ನಕ್ಷೆಗಳನ್ನು ಬರೆಯುತ್ತದೆ. ಸಂದುಗಳ ಗಾರೆ ಕಪ್ಪಾಗುತ್ತದೆ. ಕೊಂಡ ದಿನ ಸೊಗಸೆನಿಸಿದ್ದ ಕಂದುಹೂವು ಇಪ್ಪತ್ತು ವರ್ಷಗಳ ಬಳಿಕ ಕಣ್ಣಿಗೆ ಬೇಸರ ತರುತ್ತದೆ.

ಅದನ್ನೆಲ್ಲ ಕಿತ್ತು ಹೊಸದು ಹಾಕಿಸುವುದು ಸುಲಭದ ಮಾತಲ್ಲ. ಬಿಲ್ಲೆಯೊಡನೆ ಗಾರೆಯೂ ಕಿತ್ತು ಬರುತ್ತದೆ. ಒಳಗಿನ ಕೊಳಾಯಿಗೆ ಪೆಟ್ಟು ಬೀಳಬಹುದು. ಮಣ್ಣು ಸಾಗಿಸಬೇಕು, ನೀರು ಜಿನುಗದಂತೆ ಮತ್ತೆ ಬಂದೋಬಸ್ತು ಮಾಡಿಸಬೇಕು, ಅಷ್ಟು ದಿನವೂ ಮನೆಮಂದಿ ಸ್ನಾನಕ್ಕೆ ಬೇರೆ ದಾರಿ ನೋಡಿಕೊಳ್ಳಬೇಕು. ತಿಂಗಳ ಸಂಬಳದಲ್ಲಿ ತಿಂಗಳನ್ನು ದಾಟಿಸುವ ಸಂಸಾರಸ್ಥನಿಗೆ ಇದು ಬೆಟ್ಟದಂಥ ಖರ್ಚು. ಆದುದರಿಂದಲೇ ಇರುವ ಟೈಲಿನ ಮೇಲೆಯೇ ಬಣ್ಣ ಬಳಿಯುವ ಉಪಾಯವು ಈಚೆಗೆ ಅನೇಕರ ಮನಸ್ಸನ್ನು ಸೆಳೆದಿದೆ. ಇದು ಆಗುವ ಕೆಲಸವೆ? ಆಗುತ್ತದೆ; ಆದರೆ ಟೈಲಿನ ಸ್ವಭಾವವನ್ನು ಅರಿತವರಿಗೆ ಮಾತ್ರ.

ಸುಣ್ಣ ಬಳಿದ ಗೋಡೆಯಾಗಲಿ ಮರದ ಬಾಗಿಲಾಗಲಿ ಬಣ್ಣವನ್ನು ಸ್ವಲ್ಪ ಹೀರಿಕೊಳ್ಳುತ್ತದೆ. ಬಣ್ಣವು ಅದರ ಸೂಕ್ಷ್ಮರಂಧ್ರಗಳಲ್ಲಿ ಬೇರೂರುತ್ತದೆ. ಟೈಲಿನ ಮೈ ಹಾಗಲ್ಲ. ಜೇಡಿಮಣ್ಣಿನ ಬಿಲ್ಲೆಯ ಮೇಲೆ ಲೇಪವಿಟ್ಟು, ಸಾವಿರ ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನ ಉರಿಯಲ್ಲಿ ಸುಟ್ಟಾಗ ಆ ಲೇಪವು ಕರಗಿ ಗಾಜಾಗುತ್ತದೆ. ಗಾಜು ನೀರನ್ನೂ ಹೀರದು, ಬಣ್ಣವನ್ನೂ ಹೀರದು. ಬಾಗಿಲಿಗೆ ಬಳಿಯುವ ಸಾಮಾನ್ಯ ಎನಾಮೆಲನ್ನು ತಂದು ಅದರ ಮೇಲೆ ಬಳಿದರೆ, ಮೊದಲ ವಾರ ನೋಡಿದವರು ಹೊಗಳುತ್ತಾರೆ. ಕೆಲವು ತಿಂಗಳಲ್ಲಿ ಅದು ಬಿಸಿನೀರಿನ ಹಬೆಗೆ ಉಬ್ಬಿ, ಹಾಲಿನ ಕೆನೆಯಂತೆ ಎದ್ದು ಬರುತ್ತದೆ.

ಈ ಕೆಲಸಕ್ಕೆ ಒದಗುವುದು ಎಪಾಕ್ಸಿ ಜಾತಿಯ ಬಣ್ಣ. 1930 ಮತ್ತು 1940ರ ದಶಕಗಳಲ್ಲಿ ಸ್ವಿಟ್ಸರ್ಲೆಂಡಿನ ಪಿಯರ್ ಕಾಸ್ಟನ್, ಅಮೆರಿಕದ ಸಿಲ್ವನ್ ಗ್ರೀನ್‌ಲೀ ಮೊದಲಾದವರ ಪ್ರಯತ್ನದಿಂದ ರೂಪುಗೊಂಡ ರಾಳ ಇದು. ಎರಡು ಡಬ್ಬಿಗಳಲ್ಲಿ ಬರುತ್ತದೆ: ಒಂದರಲ್ಲಿ ರಾಳ, ಇನ್ನೊಂದರಲ್ಲಿ ಅದನ್ನು ಗಟ್ಟಿಗೊಳಿಸುವ ದ್ರವ್ಯ, ಅಂದರೆ ಹಾರ್ಡನರ್. ಇವೆರಡೂ ಬೆರೆತಾಗ ಬಣ್ಣವು ಬರಿದೆ ಒಣಗುವುದಿಲ್ಲ. ರಾಸಾಯನಿಕ ಕ್ರಿಯೆಯಿಂದ ಬಲೆಯಂತೆ ಹೆಣೆದುಕೊಂಡು ಗಟ್ಟಿಯಾಗುತ್ತದೆ. ಬೆರೆಸಿದ ಮೇಲೆ ಅದು ಯಾರಿಗೂ ಕಾಯುವುದಿಲ್ಲ. ಬೆಳಿಗ್ಗೆ ಡಬ್ಬಿಯನ್ನೆಲ್ಲ ಕಲಸಿಟ್ಟು ಊಟ ಮುಗಿಸಿ ಬರುವಷ್ಟರಲ್ಲಿ ಕುಂಚವೂ ಡಬ್ಬಿಯೂ ಏಕಶಿಲೆಯಾಗಿರಬಹುದು. ಬೇಕಾದಷ್ಟನ್ನೇ, ಡಬ್ಬಿಯ ಮೇಲೆ ಹೇಳಿದ ಪ್ರಮಾಣದಲ್ಲೇ, ಆಗಾಗ ಬೆರೆಸಿಕೊಳ್ಳಬೇಕು.

ಆದರೂ ಈ ಕೆಲಸದ ಮುಕ್ಕಾಲು ಪಾಲು ಬಣ್ಣದ ಡಬ್ಬಿ ತೆರೆಯುವುದಕ್ಕೆ ಮೊದಲೇ ಮುಗಿದಿರಬೇಕು. ಸಾಬೂನಿನ ಜಿಡ್ಡು, ಎಣ್ಣೆಸ್ನಾನದ ಪಸೆ ಇವು ಬಣ್ಣದ ಮೊದಲ ಶತ್ರುಗಳು. ಬಿಸಿನೀರು, ವಾಷಿಂಗ್ ಸೋಡಾ ಹಾಕಿ ಎರಡು ಸಲ ಉಜ್ಜಿ ತೊಳೆಯಬೇಕು. ಗಡಸುನೀರಿನ ಕಲೆಗೆ ವಿನಿಗರ್ ಅಥವಾ ನಿಂಬೆಹುಳಿ ಸಾಕು; ಕಕ್ಕಸು ತೊಳೆಯುವ ಆಸಿಡ್ಡನ್ನು ಸುರಿದರೆ ಸಂದಿನ ಸಿಮೆಂಟನ್ನೇ ತಿನ್ನುತ್ತದೆ. ಆಸಿಡ್ಡು ಮತ್ತು ಬ್ಲೀಚಿಂಗ್ ಪುಡಿಯನ್ನಂತೂ ಎಂದಿಗೂ ಒಟ್ಟಿಗೆ ಬಳಸಕೂಡದು. ಅವು ಕೂಡಿದರೆ ಹೊರಡುವುದು ಕ್ಲೋರಿನ್ ಎಂಬ ವಿಷಾನಿಲ. ಕಿರಿದಾದ ಬಚ್ಚಲಿನಲ್ಲಿ ಅದು ಪ್ರಾಣಕ್ಕೇ ಎರವಾಗಬಲ್ಲುದು.

ತೊಳೆದ ಬಳಿಕ ಉಜ್ಜುವ ಕೆಲಸ. ಪೇಂಟರುಗಳ ಬಾಯಲ್ಲಿ ‘ವಾಟರ್ ಪೇಪರ್’ ಎನಿಸಿಕೊಂಡ ಕಾಗದವನ್ನು ತಂದು, ಮೊದಲು 220, ಆಮೇಲೆ 320 ನಂಬರಿನದರಿಂದ, ನೀರು ಹಾಕುತ್ತಲೇ ಉಜ್ಜಬೇಕು. ಟೈಲಿನ ಹೊಳಪು ಹೋಗಿ ಮೈ ಮಂಕಾಗುವವರೆಗೂ ಕೈ ಬಿಡಕೂಡದು. ಆ ಮಂಕಿನಲ್ಲಿಯೇ ಬಣ್ಣದ ಹಿಡಿತವಿರುವುದು. ಒಣಗಿದಂತೆಯೇ ಉಜ್ಜಿದರೆ ಏಳುವ ನುಣುಪು ಧೂಳು ಎದೆಗೆ ಒಳ್ಳೆಯದಲ್ಲ. ಗೋಡೆಗೆ ಯಾವ ಕಾಲದ್ದೋ ಹಳೆಯ ಬಣ್ಣವಿದ್ದರೆ ಇನ್ನೂ ಎಚ್ಚರ ಬೇಕು. ಮನೆಗಳಿಗೆ ಬಳಸುವ ಬಣ್ಣದಲ್ಲಿ ಸೀಸದ ಅಂಶವು ಹತ್ತು ಲಕ್ಷಕ್ಕೆ 90 ಭಾಗವನ್ನು ಮೀರಕೂಡದೆಂಬ ಭಾರತ ಸರ್ಕಾರದ ನಿಯಮವು 2016ರಲ್ಲಿ ಬಂದುದು, 2017ರ ನವೆಂಬರಿನಿಂದ ಜಾರಿಗೊಂಡುದು. ಅದಕ್ಕೆ ಹಿಂದಿನ ಬಣ್ಣದಲ್ಲಿ ಸೀಸವಿರಬಹುದು. ಅದರ ಧೂಳು ಮಕ್ಕಳಿಗೆ ವಿಷ.

ಸಂದುಗಳಲ್ಲಿ ಬಿರುಕಿದ್ದರೆ ಹೊಸ ಗಾರೆ ತುಂಬಿ, ಎಲ್ಲವೂ ಚೆನ್ನಾಗಿ ಒಣಗಿದ ಮೇಲೆ ಟೈಲಿಗೊಪ್ಪುವ ಪ್ರೈಮರ್ ಒಂದು ಕೈ, ಬಣ್ಣ ತೆಳುವಾಗಿ ಎರಡು ಕೈ. ಒಮ್ಮೆಗೇ ದಪ್ಪನಾಗಿ ಬಳಿದರೆ ಬಣ್ಣ ಇಳಿದು ಗೆರೆ ಕಟ್ಟುತ್ತದೆ. ಕಿಟಕಿ ತೆರೆದಿರಲಿ, ಗೀಸರಿನ ಉರಿಯಾಗಲಿ ಬೀಡಿಯ ಕಿಡಿಯಾಗಲಿ ಹತ್ತಿರ ಸುಳಿಯದಿರಲಿ, ಬಣ್ಣದ ತಿನ್ನರ್ ಬೇಗ ಹೊತ್ತಿಕೊಳ್ಳುವ ವಸ್ತು. ಬಳಿದ ಮೇಲೆ ಕೈಗೆ ಅಂಟದಿದ್ದ ಮಾತ್ರಕ್ಕೆ ಸ್ನಾನಕ್ಕಿಳಿಯುವುದೂ ತರವಲ್ಲ. ಡಬ್ಬಿಯ ಮೇಲೆ ಹೇಳಿದಷ್ಟು ದಿನ, ಸಾಮಾನ್ಯವಾಗಿ ಒಂದು ವಾರದವರೆಗೆ, ಗೋಡೆಯನ್ನು ನೀರಿನಿಂದ ದೂರವಿಡಬೇಕು. ಮಳೆಗಾಲದ ತೇವದಲ್ಲಿ ಈ ಕೆಲಸಕ್ಕೆ ಕೈಹಾಕುವುದಕ್ಕಿಂತ, ದೀಪಾವಳಿ ಕಳೆದು ಶಿವರಾತ್ರಿಯೊಳಗೆ ಮಾಡುವುದು ಲೇಸು.

ಲೆಕ್ಕವನ್ನೂ ಹೇಳಿಬಿಡುತ್ತೇನೆ. ಐದಡಿ ಅಗಲ, ಏಳಡಿ ಉದ್ದದ ಬಚ್ಚಲಿನ ನಾಲ್ಕು ಗೋಡೆಗಳ ಸುತ್ತಳತೆ 24 ಅಡಿ. ಟೈಲು ಏಳಡಿ ಎತ್ತರಕ್ಕಿದ್ದರೆ 168 ಚದರಡಿ. ಬಾಗಿಲನ್ನು ಕಳೆದರೆ ಸುಮಾರು 150. ಎರಡು ಕೈಗೆ 300 ಚದರಡಿ. ಒಂದು ಲೀಟರು 100 ಚದರಡಿಗೆ ಬರುತ್ತದೆಂದು ಡಬ್ಬಿ ಹೇಳಿದರೆ ಮೂರು ಲೀಟರು ಸಾಕು. ಅಂಗಡಿಯವನು ಐದು ಲೀಟರು ತೋರಿಸಿದಾಗ ಈ ಗುಣಾಕಾರ ನೆನಪಿರಲಿ.

ನಮ್ಮ ಬೀದಿಯಲ್ಲಿ ನಿವೃತ್ತರಾದ ಗುಮಾಸ್ತರೊಬ್ಬರಿದ್ದಾರೆ, ರಾಯರೆನ್ನೋಣ. ಮಗಳ ನಿಶ್ಚಿತಾರ್ಥಕ್ಕೆ ಒಂದೂವರೆ ತಿಂಗಳಿತ್ತು. “ಮೇಷ್ಟ್ರೇ, ಬೀಗರು ಬರುವಷ್ಟರಲ್ಲಿ ಬಚ್ಚಲಿಗೆ ಒಂದು ಕಳೆ ಬರಬೇಕು. ಒಡೆಸುವ ಶಕ್ತಿ ನನಗಿಲ್ಲ, ಬಣ್ಣ ಬಳಿಸಿಬಿಡೋಣ ಎಂದಿದ್ದೇನೆ” ಎಂದರು. ಹೋಗಿ ಬೆರಳ ಗೆಣ್ಣಿನಿಂದ ಟೈಲುಗಳನ್ನು ಒಂದೊಂದಾಗಿ ತಟ್ಟಿ ನೋಡಿದೆವು. ಗಟ್ಟಿಯಾಗಿ ಕೂತ ಟೈಲಿನ ದನಿಯೇ ಬೇರೆ. ನಲ್ಲಿಯ ಪಕ್ಕದ ಐದಾರು ಬಿಲ್ಲೆಗಳು ಮಾತ್ರ ಟೊಳ್ಳು ಟೊಳ್ಳಾಗಿ ಸದ್ದು ಮಾಡಿದುವು. ಆ ಗೋಡೆಯ ಆಚೆಗೆ ದೇವರ ಮನೆ; ಅಲ್ಲಿ ಸುಣ್ಣ ಉಬ್ಬಿ, ಕೈಯಿಟ್ಟರೆ ತಣ್ಣಗಿತ್ತು. ಒಳಗೆ ಕೊಳಾಯಿ ಸೋರುತ್ತಿರುವುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ರಾಯರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಮೇಲೆ ಬಣ್ಣ ಬಂದರೆ ಈಗ ಯಾರಿಗೂ ಕಾಣುವುದಿಲ್ಲ, ಅಲ್ಲವೆ?” ಎಂದರು. ಅವರ ಕೈಯಲ್ಲಿದ್ದ ಹಣವೆಲ್ಲ ಆ ಒಂದು ದಿನಕ್ಕೆಂದು ಎತ್ತಿಟ್ಟದ್ದು. ಆ ಪ್ರಶ್ನೆಯನ್ನು ತಪ್ಪೆನ್ನಲು ನನಗೆ ನಾಲಗೆ ಬರಲಿಲ್ಲ. ಉತ್ತರ ಕೊಟ್ಟವರು ಬಾಗಿಲಲ್ಲಿ ನಿಂತಿದ್ದ ಅವರ ಮನೆಯವರು. “ಬೀಗರು ಒಂದು ದಿನ ಇದ್ದು ಹೋಗುತ್ತಾರೆ, ಅಂದ್ರೆ. ಗೋಡೆ ನಮ್ಮ ಜೊತೆ ಇರುವುದು. ಮೊದಲು ನಲ್ಲಿಯವನನ್ನು ಕರೆಸಿ. ಚಪ್ಪರಕ್ಕೆ ಹೂವು ಸ್ವಲ್ಪ ಕಡಿಮೆಯಾದರೂ ಆದೀತು.”

ಹಾಗೆಯೇ ಆಯಿತು. ಸಡಿಲಾದ ಬಿಲ್ಲೆಗಳನ್ನು ಕಿತ್ತು ಕೊಳಾಯಿಯನ್ನು ಸರಿಪಡಿಸಿದರು. ಸಿಕ್ಕಿದ ಬೇರೆ ಬಣ್ಣದ ಬಿಲ್ಲೆಗಳನ್ನು ಅಲ್ಲಿ ಕೂರಿಸಿದರು. ಬಣ್ಣ ಬಿದ್ದ ಮೇಲೆ ಹಳತು ಹೊಸತರ ಭೇದವೇ ಉಳಿಯಲಿಲ್ಲ. ಬಣ್ಣಕ್ಕೆ ನ್ಯಾಯವಾಗಿ ಸಲ್ಲುವ ಕೆಲಸ ಇದು: ರೋಗ ವಾಸಿಯಾದ ಮೇಲೆ ಗಾಯದ ಗುರುತನ್ನು ಮರೆಸುವುದು.

ನೆಲವನ್ನು ಮಾತ್ರ ಅವರು ಮುಟ್ಟಲಿಲ್ಲ, ನೀವೂ ಮುಟ್ಟಬೇಡಿ. ಪರದೇಶದವರು ತೊಟ್ಟಿಯಲ್ಲಿ ನಿಂತು ಮೀಯುತ್ತಾರೆ. ಅವರ ನೆಲ ಬಹುಪಾಲು ಒಣಗಿಯೇ ಇರುತ್ತದೆ. ನಮ್ಮದು ಬಕೆಟ್ಟು ಚೊಂಬುಗಳ ಸ್ನಾನ. ಇಡೀ ಬಚ್ಚಲೇ ನೆನೆಯುತ್ತದೆ. ಅವರ ಸಲಹೆಯನ್ನು ನಮ್ಮ ನೆಲಕ್ಕೆ ಹಾಗೆಯೇ ತರಲಾಗದು. ಬಕೆಟ್ಟು ಎಳೆದಾಡಿದಲ್ಲಿ ಬಣ್ಣ ಸವೆದು ಕಿತ್ತುಬರುತ್ತದೆ. ಅದಕ್ಕಿಂತ ಹೆಚ್ಚಾಗಿ, ನುಣುಪಾದ ಬಣ್ಣದ ಮೇಲೆ ನೀರು ನಿಂತರೆ ಕಾಲು ಜಾರುತ್ತದೆ. ಮನೆಯಲ್ಲಿ ವಯಸ್ಸಾದ ತಾಯಿಯೊಬ್ಬರಿದ್ದರೆ, ಅವರು ಒಮ್ಮೆ ಬಿದ್ದು ಸೊಂಟ ಮುರಿದುಕೊಂಡರೆ, ಉಳಿಸಿದ ಹಣವೆಷ್ಟು, ತೆತ್ತ ಬೆಲೆಯೆಷ್ಟು? ನೆಲಕ್ಕೆ ಒರಟು ಮೈಯ ಬಿಲ್ಲೆಯೇ ಲೇಸು.

ಬಾಡಿಗೆಯ ಮನೆಯವರು ಮಾಲೀಕರ ಒಪ್ಪಿಗೆಯನ್ನು ಮೊದಲು ಪಡೆಯಲಿ. ಎಲ್ಲರೂ ಬಾಗಿಲ ಹಿಂದಿನ ಒಂದೇ ಒಂದು ಟೈಲಿಗೆ ಮೊದಲು ಬಣ್ಣ ಬಳಿದು, ವಾರ ಬಿಟ್ಟು ನಾಣ್ಯದಿಂದ ಗೀಚಿ, ಅಂಟುಪಟ್ಟಿ ಹಚ್ಚಿ ಕಿತ್ತು ನೋಡಲಿ. ಅದು ನಿಂತರೆ ಮಿಕ್ಕದ್ದೂ ನಿಲ್ಲುತ್ತದೆ. ಚೆನ್ನಾಗಿ ಮಾಡಿದ ಕೆಲಸವೂ ಶಾಶ್ವತವಲ್ಲ; ಕೆಲವು ವರ್ಷಗಳ ಬಳಿಕ ಅಲ್ಲಲ್ಲಿ ಮತ್ತೆ ಕೈಯಾಡಿಸಬೇಕಾದೀತು. ಆ ಕೆಲವು ವರ್ಷಗಳಲ್ಲಿ ಒಂದು ಸಂಸಾರವು ಮಗಳ ಮದುವೆಯನ್ನು ಮುಗಿಸಬಹುದು, ಮಗನ ಓದನ್ನು ದಡ ಮುಟ್ಟಿಸಬಹುದು. ಅಷ್ಟು ಬಿಡುವನ್ನು ಮೂರು ಲೀಟರು ಬಣ್ಣ, ನಾಲ್ಕು ದಿನದ ತೋಳ್ಬಲ ಕೊಡುವುದಾದರೆ, ಆ ಬೆಲೆ ಹೆಚ್ಚಲ್ಲ.