ನಿದ್ರೆಯ ಔಷಧ ಹರಿಯುವ ನಳಿಕೆ

ಜಹೀರಾಬಾದ, ನಾರಾಯಣಖೇಡ, ತಾಂಡೂರು ಕಡೆಯ ಮನೆಗಳಲ್ಲಿ ಯಾರಾದರೂ ಗಂಭೀರವಾಗಿ ಕಾಯಿಲೆ ಬಿದ್ದರೆ ಬೀದರ, ಕಲಬುರಗಿ ಅಥವಾ ಹೈದರಾಬಾದಿನ ದೊಡ್ಡ ಆಸ್ಪತ್ರೆಯನ್ನು ಸೇರಬೇಕಾಗುತ್ತದೆ. ಅಲ್ಲಿ ಉಸಿರಾಟದ ಯಂತ್ರ ಹಚ್ಚಿದ ರೋಗಿಗೆ ಗಾಬರಿಯಾಗದಂತೆ ನಿದ್ರೆ ಬರಿಸುವ ಔಷಧವನ್ನು ರಕ್ತನಾಳದೊಳಗೆ ಎಡೆಬಿಡದೆ ಹರಿಸುತ್ತಾರೆ. ನೋಡಲು ಹೋದ ಬಂಧುಗಳಿಗೆ ಆಗ ಒಂದು ಸಂಶಯ ಮೂಡುವುದು ಸಹಜ. ಒಂದು ನಳಿಕೆಯನ್ನು ಬೆಳಗಾಗುವುದರೊಳಗೆ ಬದಲಿಸಿದ ದಾದಿಯರು ಪಕ್ಕದ ಇನ್ನೊಂದನ್ನು ಮೂರು ದಿನವಾದರೂ ಬದಲಿಸಿಲ್ಲವೇಕೆ? ಮೊದಲನೆಯದು ದುಂದುವೆಚ್ಚವೇ, ಎರಡನೆಯದು ಅಲಕ್ಷ್ಯವೇ?

ಎರಡೂ ಅಲ್ಲ. ಉತ್ತರ ಇರುವುದು ನಳಿಕೆಯಲ್ಲಿ ಹರಿಯುವ ದ್ರವದಲ್ಲಿ. ಪ್ರೊಪೊಫಾಲ್ ಎಂಬ ಔಷಧ ನೀರಿನಲ್ಲಿ ಸರಿಯಾಗಿ ಕರಗದು. ಆದುದರಿಂದ ಅದನ್ನು ಸೋಯಾ ಎಣ್ಣೆ, ಮೊಟ್ಟೆಯ ಲೆಸಿಥಿನ್‌ಗಳೊಡನೆ ಬೆರೆಸಿ ಹಾಲಿನಂತಹ ಬಿಳಿಯ ದ್ರವವಾಗಿ ಸಿದ್ಧಪಡಿಸುತ್ತಾರೆ. ಹೊರಗಿಟ್ಟ ಹಾಲಿನಲ್ಲಿ ಆಗುವಂತೆ, ಇದರೊಳಗೆ ಹೊಕ್ಕ ರೋಗಾಣುಗಳೂ ಬೇಗ ಹೆಚ್ಚುತ್ತವೆ. 1990ರಿಂದ 1993ರವರೆಗೆ ಅಮೆರಿಕದ ಏಳು ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಯ ಬಳಿಕ ಹರಡಿದ ಸೋಂಕಿಗೆ ಈ ಔಷಧವನ್ನು ಬಳಸುವಾಗ ಶುಚಿತ್ವ ತಪ್ಪಿದುದು ಕಾರಣವೆಂದು 1995ರಲ್ಲಿ ಪ್ರಕಟವಾದ ತನಿಖೆ ತೋರಿಸಿತು. ಆದಕಾರಣ ತಯಾರಕರ ಸೂಚನೆಯಂತೆ ಇದರ ನಳಿಕೆಯನ್ನು 6 ಅಥವಾ 12 ಗಂಟೆಗೊಮ್ಮೆ, ಸೀಸೆ ಬದಲಾದಾಗಲೂ, ಬದಲಿಸಬೇಕು.

ಮಿಡಜೋಲಾಮ್, ಫೆಂಟನಿಲ್ ಔಷಧಗಳು ನೀರಿನಂತೆ ತಿಳಿಯಾದವು, ಅವುಗಳಲ್ಲಿ ಕೊಬ್ಬಿಲ್ಲ. ಇಂತಹ ದ್ರವ ಎಡೆಬಿಡದೆ ಹರಿಯುವ ನಳಿಕೆಯನ್ನು 96 ಗಂಟೆಗಳಿಗೆ ಮೊದಲು ಬದಲಿಸಬೇಕಾಗಿಲ್ಲ, 7 ದಿನಗಳನ್ನು ಮೀರಗೊಡಲೂ ಬಾರದು ಎಂಬುದು ಅಮೆರಿಕದ ರೋಗ ನಿಯಂತ್ರಣ ಕೇಂದ್ರದ 2011ರ ಮಾರ್ಗಸೂಚಿ. ನಾಲ್ಕು ದಿನಕ್ಕೆ ಬದಲಿಸಿದರೂ ಏಳು ದಿನಕ್ಕೆ ಬದಲಿಸಿದರೂ ಸೋಂಕಿನಲ್ಲಿ ಹೆಚ್ಚಿನ ಅಂತರವಿಲ್ಲವೆಂದು ಆಸ್ಟ್ರೇಲಿಯಾದ ಆಸ್ಪತ್ರೆಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಪರೀಕ್ಷೆಯೂ ತಿಳಿಸಿತು. ಮೇಲಿಂದ ಮೇಲೆ ಬದಲಿಸುವುದೇ ಹೆಚ್ಚಿನ ಶುಚಿತ್ವವಲ್ಲ. ಜೋಡಣೆಯನ್ನು ಬಿಚ್ಚಿದಷ್ಟು ಸಲ ರೋಗಾಣುವಿಗೆ ಬಾಗಿಲು ತೆರೆದಂತೆ. ಆದರೆ ನಳಿಕೆ ಸೋರಿದರೆ, ಕಳಚಿದರೆ, ಕೊಳೆಯಾದರೆ ಗಡುವನ್ನು ಕಾಯದೆ ಬದಲಿಸಲೇಬೇಕು.

ದಾದಿಯರು ನಳಿಕೆಗೆ ಅಂಟಿಸುವ ಚೀಟಿಯಲ್ಲಿ ಅದನ್ನು ಹಚ್ಚಿದ ದಿನಾಂಕ, ವೇಳೆ ಇರಬೇಕು. ಬೆಳಗಿನ ಪಾಳಿಯವರು ಮಾಡಿದುದು ರಾತ್ರಿ ಪಾಳಿಯವರಿಗೆ ತಿಳಿಯುವುದು ಅದರಿಂದಲೇ. ಮನೆಯವರು ಕೈ ತೊಳೆದು ಒಳಗೆ ಹೋಗಲಿ, ನಳಿಕೆಯನ್ನು ಮುಟ್ಟದಿರಲಿ. ಚೀಟಿ ಕಾಣದಿದ್ದರೆ, ಬಿಳಿಯ ಔಷಧದ ನಳಿಕೆಗೆ 12 ಗಂಟೆ ಮೀರಿದ್ದರೆ, ಕನ್ನಡದಲ್ಲಾಗಲಿ ತೆಲುಗಿನಲ್ಲಾಗಲಿ ವಿನಯದಿಂದ ಕೇಳಲಿ. ನಿದ್ರೆಯಲ್ಲಿರುವ ರೋಗಿ ತನ್ನ ಪರವಾಗಿ ತಾನೇ ಕೇಳಲಾರನು.